ಮನಸ್ಸಿನ ನೋವಿಗೂ ಮದ್ದುಂಟು

(ಫೆಬ್ರವರಿ 11, ಲೂರ್ದು ಮಾತೆಯ ಹಬ್ಬ ಹಾಗೂ ವಿಶ್ವ ರೋಗಿಗಳ ದಿನದಂದು ನೀಡಿದ ಪ್ರಬೋಧನೆ)



1858ರಲ್ಲಿ ಫ್ರಾನ್ಸ್ ದೇಶದ ಲೂರ್ದು ಎಂಬ ಊರಿನ ಗವಿಯಲ್ಲಿ, 14 ವರ್ಷದ ಬಡ ಹುಡುಗಿ ಬರ್ನದೆತ್‌ಳಿಗೆ ಮಾತೆ ಮರಿಯಮ್ಮನವರು 18 ಬಾರಿ ದರ್ಶನವಿತ್ತರು. ಆ ಕಥೆ ನಿಮಗೆಲ್ಲ ಬಾಯಿಪಾಠ. ಆದರೆ ಒಂದು ಸಂಗತಿಯನ್ನು ನಾವು ಅಷ್ಟಾಗಿ ನೆನೆಯುವುದಿಲ್ಲ. ಲೂರ್ದಿನಲ್ಲಿ 1883ರಿಂದಲೂ ವೈದ್ಯರ ಕಚೇರಿಯೊಂದಿದೆ. ಯಾರಾದರೂ "ನಾನು ಗುಣವಾದೆ" ಎಂದು ಬಂದರೆ ಮೊದಲು ಪರೀಕ್ಷಿಸುವವರು ವೈದ್ಯರು. ಇಷ್ಟು ವರ್ಷಗಳಲ್ಲಿ ಧರ್ಮಸಭೆ ಅದ್ಭುತವೆಂದು ಒಪ್ಪಿರುವುದು ಎಪ್ಪತ್ತಕ್ಕಿಂತ ಸ್ವಲ್ಪ ಹೆಚ್ಚನ್ನು ಮಾತ್ರ. ಅಂದರೆ ಪ್ರಾರ್ಥನೆಯ ಆ ಜಾಗದಲ್ಲೇ ವೈದ್ಯರಿಗೂ ಕುರ್ಚಿ ಇದೆ. ವೈದ್ಯನನ್ನು ಗೌರವಿಸು, ಅವನನ್ನೂ ಸೃಷ್ಟಿಸಿದವರು ದೇವರೇ ಎಂದು ಸಿರಾಖನ ಗ್ರಂಥದ 38ನೇ ಅಧ್ಯಾಯವೂ ಹೇಳುತ್ತದೆ.

ಕಾಲು ಮುರಿದರೆ ಈ ಮಾತನ್ನು ನಾವು ಒಪ್ಪುತ್ತೇವೆ. ಮನಸ್ಸು ಮುರಿದರೆ?

ಇಲ್ಲಿ ನನ್ನದೇ ಒಂದು ತಪ್ಪನ್ನು ಹೇಳಬೇಕು. ಹಿಂದೆ ನಾನು ಸೇವೆಯಲ್ಲಿದ್ದ ಬೇರೊಂದು ಧರ್ಮಕೇಂದ್ರದಲ್ಲಿ ಒಬ್ಬ ತಾಯಿ ಇದ್ದರು. ಅವರ ಒಪ್ಪಿಗೆ ಪಡೆದೇ ಹೇಳುತ್ತಿದ್ದೇನೆ. ಪಾಪನಿವೇದನೆಯಲ್ಲಿ ಕೇಳಿದ್ದಲ್ಲ, ದೇವಾಲಯದ ಅಂಗಳದಲ್ಲಿ ಕೇಳಿದ್ದು. ಅವರ ಯಜಮಾನರು ಒಂದು ರಾತ್ರಿ ಎದೆನೋವೆಂದು ಮಲಗಿದವರು ಬೆಳಿಗ್ಗೆ ಏಳಲಿಲ್ಲ. ಆ ಮೇಲೆ ಈ ತಾಯಿಗೆ ನಿದ್ದೆಯಿಲ್ಲ, ಊಟ ಸೇರದು. ಒಂದು ದಿನ ನನ್ನ ಬಳಿ ಬಂದು, "ಸಾಕಾಗಿದೆ ಸ್ವಾಮಿ" ಎಂದರು. ನಾನು ಏನು ಹೇಳಿದೆ? "ಜಪಸರ ಬಿಡಬೇಡಿ ಅಮ್ಮ, ನೊವೆನಾ ಮಾಡಿ, ಎಲ್ಲಾ ಸರಿಹೋಗುತ್ತೆ." ಹೇಳಿ ಬೇರೆ ಕೆಲಸಕ್ಕೆ ಹೋದೆ.

ಜಪಸರದಲ್ಲಿ ತಪ್ಪಿಲ್ಲ, ಕೇಳಿಸಿಕೊಳ್ಳದ ನನ್ನ ಕಿವಿಯಲ್ಲಿತ್ತು.

ಅರಸುಗಳ ಮೊದಲನೆಯ ಗ್ರಂಥದ 19ನೇ ಅಧ್ಯಾಯ ತೆಗೆದು ನೋಡಿ. ಎಲೀಯ ಪ್ರವಾದಿ ಎಂಥ ಧೀರ! ಆದರೂ ಜಾಲಿಗಿಡದ ಕೆಳಗೆ ಕುಳಿತು, ಇನ್ನು ಸಾಕು, ನನ್ನ ಪ್ರಾಣ ತೆಗೆದುಕೋ ಎಂದು ಬೇಡುತ್ತಾನೆ. ದೇವರು ಅವನನ್ನು ಗದರಿಸಲಿಲ್ಲ, "ನಿನ್ನ ವಿಶ್ವಾಸ ಎಲ್ಲಿ ಹೋಯಿತು" ಎನ್ನಲಿಲ್ಲ. ಮೊದಲು ಮಲಗಲು ಬಿಟ್ಟರು. ದೂತನ ಕೈಯಲ್ಲಿ ರೊಟ್ಟಿ, ನೀರು ಕಳುಹಿಸಿದರು, ಅದೂ ಎರಡು ಸಲ. ಬಳಿಕ ಹೋರೇಬ್ ಬೆಟ್ಟದಲ್ಲಿ, ಇಲ್ಲಿ ಏನು ಮಾಡುತ್ತಿದ್ದೀಯೆ ಎಂದು ಕೇಳಿದರು. ಅವನು ತನ್ನ ದುಃಖವನ್ನೆಲ್ಲ ಹೇಳಿಕೊಂಡ. ಅದೇ ಪ್ರಶ್ನೆ ಮತ್ತೊಮ್ಮೆ. ಅವನೂ ಅದೇ ಮಾತನ್ನು ಮತ್ತೊಮ್ಮೆ ಹೇಳಿದ. ಎಲ್ಲಾ ಬಲ್ಲ ದೇವರು ಎರಡು ಸಲವೂ ಕೇಳಿಸಿಕೊಂಡರು.

ನಾನು ಮಾಡದ ಕೆಲಸವನ್ನು ನಮ್ಮ ಔಷಧಾಲಯದ ಸಿಸ್ಟರ್ ಮಾಡಿದರು. "ಸಾಕಾಗಿದೆ ಅಂದ್ರೆ, ಸಾಯೋ ಯೋಚನೆ ಬರುತ್ತಾ ಅಮ್ಮ?" ಎಂದು ನೇರವಾಗಿ ಕೇಳಿದರು. ಹಾಗೆ ಕೇಳಿದರೆ ಇಲ್ಲದ ಯೋಚನೆ ತಲೆಗೆ ತುಂಬಿದಂತಾಗುತ್ತದೆ ಎಂದು ಬಹಳ ಜನ ಹೆದರುತ್ತಾರೆ. ಹಾಗಾಗುವುದಿಲ್ಲ, ಕೇಳಿದಾಗ ಎದೆಯ ಭಾರ ಇಳಿಯುತ್ತದೆ. ಆ ತಾಯಿ ಅತ್ತುಬಿಟ್ಟರು. ಸಿಸ್ಟರ್ ಅದೇ ವಾರ ಅವರನ್ನು ಆಸ್ಪತ್ರೆಗೆ ಕರೆದೊಯ್ದರು. ಮನೋವೈದ್ಯರು ಸ್ವಲ್ಪ ಮಾತ್ರೆ ಕೊಟ್ಟು, ಮನೋಚಿಕಿತ್ಸೆಗೆ, ಅಂದರೆ ಸೈಕೋಥೆರಪಿಗೆ, ಕಳುಹಿಸಿದರು.

ಅಲ್ಲಿ ಏನು ನಡೆಯುತ್ತದೆ? ಮಂತ್ರವಿಲ್ಲ, ಬರೀ ಬುದ್ಧಿಮಾತೂ ಅಲ್ಲ. ಸಾಮಾನ್ಯವಾಗಿ ವಾರಕ್ಕೊಮ್ಮೆ, ಮುಕ್ಕಾಲು ಗಂಟೆ, ತರಬೇತಿ ಪಡೆದವರೊಬ್ಬರ ಎದುರು ಕುಳಿತು ಮಾತನಾಡುವುದು. ಹೇಳಿದ್ದು ಗುಟ್ಟಾಗಿ ಉಳಿಯುತ್ತದೆ. ಜೀವಕ್ಕೆ ಅಪಾಯವಿದ್ದರೆ ಮಾತ್ರ ಬೇರೆ. ಈ ತಾಯಿಯ ಮನಸ್ಸಿನಲ್ಲಿ ಒಂದೇ ಮಾತು ಗಾಣದಂತೆ ಸುತ್ತುತ್ತಿತ್ತು: "ನಾನೇ ಅವರನ್ನು ಕೊಂದೆ, ರಾತ್ರಿಯೇ ಆಸ್ಪತ್ರೆಗೆ ಸೇರಿಸಬೇಕಿತ್ತು." ಆ ಚಿಕಿತ್ಸಕಿ "ಹಾಗೆಲ್ಲ ಅಂದ್ಕೋಬೇಡಿ" ಎನ್ನಲಿಲ್ಲ. ಆ ರಾತ್ರಿಯನ್ನು ಗಂಟೆ ಗಂಟೆಯಾಗಿ ಹೇಳಿಸಿದರು. ಕೊನೆಗೆ ಕೇಳಿದರು: "ಬೆಳಿಗ್ಗೆ ತಿಳಿದದ್ದು ರಾತ್ರಿ ಹತ್ತು ಗಂಟೆಗೆ ನಿಮಗೆ ತಿಳಿದಿತ್ತಾ ಅಮ್ಮ?" ಉತ್ತರವನ್ನು ಅವರೇ ಹುಡುಕಿಕೊಂಡರು, ಒಂದೇ ದಿನದಲ್ಲಲ್ಲ. ಜೊತೆಗೆ ಮನೆಗೆಲಸದಂತೆ ಒಂದೊಂದು ಚಿಕ್ಕ ಕೆಲಸ: ಇಂದು ಮಲ್ಲಿಗೆ ಬಳ್ಳಿಗೆ ನೀರು ಹಾಕಿ, ನಾಳೆ ಸಂಘದ ಸಭೆಗೆ ಹೋಗಿ ಬನ್ನಿ. ಮನಸ್ಸು ಸರಿಯಾದ ಮೇಲೆ ಕೆಲಸ ಮಾಡೋಣ ಎಂದು ಕಾದರೆ ಆಗದು. ಕೆಲಸವೇ ಮನಸ್ಸನ್ನು ಮೇಲೆತ್ತುತ್ತದೆ. ಈ ಬಗೆಯ ಚಿಕಿತ್ಸೆಯನ್ನು 1960ರ ದಶಕದಲ್ಲಿ ಅಮೆರಿಕದ ವೈದ್ಯ ಆರನ್ ಬೆಕ್ ರೂಪಿಸಿದರು. ಬೇರೆ ಪದ್ಧತಿಗಳೂ ಇವೆ. ಎಲ್ಲರಿಗೂ ಮಾತಷ್ಟೇ ಸಾಲದು. ಇಲ್ಲದ ದನಿ ಕೇಳಿಸುವಂಥ ತೀವ್ರ ಕಾಯಿಲೆಗಳಲ್ಲಿ ಔಷಧ ಬೇಕೇ ಬೇಕು.

"ಹಾಗಾದರೆ ಪಾಪನಿವೇದನೆ ಸಾಲದೇ?" ಎಂದು ಕೇಳುವಿರಿ. ಪಾಪನಿವೇದನೆ ಪಾಪಕ್ಕೆ. ಖಿನ್ನತೆ ಪಾಪವಲ್ಲ, ದೆವ್ವವೂ ಅಲ್ಲ, ಕಾಯಿಲೆ. ಚಿಕಿತ್ಸಕರು ಪಾಪ ಕ್ಷಮಿಸಲಾರರು. ನಾನು ಖಿನ್ನತೆಗೆ ಚಿಕಿತ್ಸೆ ಮಾಡಲಾರೆ. ಆ ತಾಯಿ ಮಾಡದ ಪಾಪವನ್ನು ಮತ್ತೆ ಮತ್ತೆ ನಿವೇದಿಸುತ್ತಿದ್ದರೆ ನಾನು ಎಷ್ಟು ಸಲ ಕ್ಷಮೆಯ ಮಾತು ನುಡಿದರೂ ಏನು ಫಲ?

ಎಲ್ಲಿಗೆ ಹೋಗಬೇಕು? ಬೆಂಗಳೂರಿನ ನಿಮ್ಹಾನ್ಸ್ ಇದೆ. ನಮ್ಮವೇ ಆದ ಸೇಂಟ್ ಜಾನ್ಸ್, ಮಂಗಳೂರಿನ ಫಾದರ್ ಮುಲ್ಲರ್ ಆಸ್ಪತ್ರೆಗಳಲ್ಲಿ ಮನೋವೈದ್ಯ ವಿಭಾಗಗಳಿವೆ. ಜಿಲ್ಲಾ ಆಸ್ಪತ್ರೆಯಲ್ಲೂ ವಿಚಾರಿಸಿ. ಸರ್ಕಾರ 2022ರಲ್ಲಿ ಆರಂಭಿಸಿದ ಟೆಲಿ-ಮಾನಸ್‌ನ ಸಂಖ್ಯೆ 14416. ಹಣ ಬೇಡ, ಕನ್ನಡದಲ್ಲೇ ಮಾತನಾಡಬಹುದು. ಸಂಖ್ಯೆಯನ್ನು ಬಾಗಿಲ ಬಳಿ ಅಂಟಿಸಿದ್ದೇವೆ. ಹುಡುಗಿಯ ಮದುವೆಗೆ ತೊಂದರೆಯಾಗುತ್ತದೆಂದು ಕಾಯಿಲೆಯನ್ನು ಮುಚ್ಚಿಡುವ ಮನೆಯವರು, ದಯವಿಟ್ಟು ಆ ಹುಡುಗಿಯ ಮುಖವನ್ನೂ ಒಮ್ಮೆ ನೋಡಿ.

ಆ ತಾಯಿ ಈಗಲೂ ನವೆಂಬರ್ 2ರಂದು ಸಮಾಧಿಯ ಬಳಿ ಅಳುತ್ತಾರೆ. ಆದರೆ ನಿದ್ದೆ ಬರುತ್ತದೆ, ಊಟ ಸೇರುತ್ತದೆ, ಜಪಸರವನ್ನು ಬಿಟ್ಟಿಲ್ಲ.

ಇನ್ನು ಸ್ವಲ್ಪ ಹೊತ್ತಿನಲ್ಲಿ ರೋಗಿಗಳ ಅಭ್ಯಂಗ ಸಂಸ್ಕಾರ ನಡೆಯಲಿದೆ. ಅಂದು, ಇದೇ ಹಬ್ಬದಲ್ಲಿ, ಆ ತಾಯಿ ಕಂಬದ ಬಳಿಯೇ ನಿಂತಿದ್ದರು. ಸಾಲಿಗೆ ಯಾಕೆ ಬರಲಿಲ್ಲ ಎಂದರೆ, "ನನಗೇನು ಜ್ವರವಾ, ಕೆಮ್ಮಾ ಸ್ವಾಮಿ?" ಎಂದಿದ್ದರು. ಊರುಗೋಲು ಹಿಡಿದವರ ಜೊತೆ, ರಾತ್ರಿಯೆಲ್ಲ ನಿದ್ದೆಯಿಲ್ಲದೆ ನರಳುವವರೂ ಇಂದು ಸಾಲಿಗೆ ಬನ್ನಿ. ಕಾಯಿಲೆ ಯಾವುದೆಂದು ನಾನು ಕೇಳುವುದಿಲ್ಲ. ಆಮೆನ್.