ಮೇಳದ ಹಾಡಿಗೆ ತಾಳ ತೋರಿಸುವವರನ್ನು ತಯಾರು ಮಾಡುವ ಬಗೆ
(ಭಜನಾ ಮಂಡಲಿಗಳವರ ಮುಂದೆ ಮಾಡಿದ ಭಾಷಣ)



ನಿಮ್ಮ ಊರಿನ ಭಜನಾ ಮಂಡಲಿಯಲ್ಲಿ ತಾಳ ಬಲ್ಲವರು ಎಷ್ಟು ಮಂದಿ? ಅನೇಕ ಊರುಗಳಲ್ಲಿ ಒಬ್ಬರೇ. ಆ ಹಿರಿಯರು ಹಾಸಿಗೆ ಹಿಡಿದರೆಂದರೆ ಆ ವಾರದ ಭಜನೆಯೂ ನಿಂತಿತು. ಒಳ್ಳೆಯ ಕಂಠದವರು ಇಪ್ಪತ್ತು ಜನರಿದ್ದರೂ ಮೇಳ ಏಳುವುದಿಲ್ಲ. ಇದು ಒಂಟೆತ್ತಿನ ಬೇಸಾಯ. ಆದುದರಿಂದ ಸುಗ್ಗಿ ಮುಗಿದು ಬಿಡುವಾದಾಗ ಪ್ರತಿ ಮಂಡಲಿಯೂ ಇಬ್ಬರು ಮೂವರು ಹೊಸಬರನ್ನು, ಅವರಲ್ಲಿ ಒಬ್ಬ ಹೆಣ್ಣುಮಗಳನ್ನಾದರೂ, ತಯಾರು ಮಾಡತಕ್ಕದ್ದು.

ಹೊಸಬರ ಕೈಗೆ ಮೊದಲ ದಿನವೇ ಕಂಚಿನ ತಾಳ ಕೊಡಬೇಡಿ. ಅದರ ಸದ್ದಿನಲ್ಲಿ ತಪ್ಪು ಅಡಗಿಬಿಡುತ್ತದೆ. ಬರಿಗೈ ಸಾಕು. ಎಣಿಕೆ ಎಂದರೇನೆಂದು ತಿಳಿಸಲು ಒನಕೆಯನ್ನು ನೆನಪಿಸಿ. ಒಂದು ಒರಳಿನಲ್ಲಿ ಇಬ್ಬರು ಹೆಂಗಸರು ಸರದಿಯಂತೆ ಕುಟ್ಟಿದರೆ ಎರಡರ ನಡೆ, ಮೂವರು ಕುಟ್ಟಿದರೆ ಮೂರರ ನಡೆ. ಒಬ್ಬಳು ಅವಸರಪಟ್ಟರೆ ಒನಕೆಗೆ ಒನಕೆ ತಾಗುತ್ತದೆ. ಮೇಳದಲ್ಲಿಯೂ ಆಗುವುದು ಅದೇ, ಪೆಟ್ಟು ಮಾತ್ರ ಕಿವಿಗೆ!

ಆ ಮೇಲೆ ಆದಿತಾಳ. ಒಟ್ಟು 8 ಎಣಿಕೆ. ಅಂಗೈಯಿಂದ ತೊಡೆಯ ಮೇಲೆ ಒಂದು ಪೆಟ್ಟು, ಬಳಿಕ ಕಿರುಬೆರಳು, ಉಂಗುರದ ಬೆರಳು, ನಡುಬೆರಳು, ಇಲ್ಲಿಗೆ ನಾಲ್ಕು. ಮತ್ತೆ ಒಂದು ಪೆಟ್ಟು, ಅಂಗೈ ಮೇಲಾಗಿ ಒಂದು ಹುಸಿ; ಇದನ್ನೇ ಇನ್ನೊಮ್ಮೆ ಮಾಡಿದರೆ ಎಂಟು. ಸಂಗೀತ ಶಾಲೆಗಳಲ್ಲಿ ಮೊದಲು ಕಲಿಸುವ ಸರಳೆ ವರಸೆಗಳೂ ಈ ತಾಳದಲ್ಲಿಯೇ ಇವೆ. ಅವನ್ನು ರಚಿಸಿದವರು ಪುರಂದರದಾಸರೆಂದು ಹೇಳುತ್ತಾರೆ. ಇದು ಕೈಗೆ ಹತ್ತಿದ ಮೇಲೆ ರೂಪಕ ತಾಳ: ರೂಢಿಯಲ್ಲಿ ಎರಡು ಪೆಟ್ಟು, ಒಂದು ಹುಸಿ. 7 ಎಣಿಕೆಯ ಮಿಶ್ರಛಾಪು ಸದ್ಯಕ್ಕೆ ಬೇಡ.

ಕಷ್ಟವಿರುವುದು ಎಣಿಕೆಯಲ್ಲಲ್ಲ, ಓಟದಲ್ಲಿ. ದನಿ ಏರಿದಂತೆ ಕೈಯೂ ಓಡುತ್ತದೆ. ಮನೆಯ ಕಡೆ ಮುಖ ಮಾಡಿದ ಎತ್ತನ್ನು ನೀವು ಕಂಡಿಲ್ಲವೇ? ಇದಕ್ಕೆ ಒಂದು ಮದ್ದುಂಟು. ನಡು ಹಾಡಿನಲ್ಲಿ ಎಲ್ಲರೂ ಬಾಯಿ ಮುಚ್ಚಲಿ, ಕೈ ಮಾತ್ರ ಎರಡು ಆವರ್ತ ನಡೆಯಲಿ, ಮತ್ತೆ ಒಟ್ಟಿಗೆ ಎತ್ತಿಕೊಳ್ಳಲಿ. ಎಲ್ಲರೂ ಒಂದೇ ಕಡೆ ಎತ್ತಿಕೊಂಡರೆ ತಾಳ ನಿಂತಿದೆ ಎಂದು ಅರ್ಥ. ಗಡಿಯಾರದಿಂದಲೂ ಪರೀಕ್ಷಿಸಬಹುದು. ರಾಷ್ಟ್ರಗೀತೆಗೆ ಸುಮಾರು 52 ಸೆಕೆಂಡು. ಮೈಸೂರು ಅನಂತಸ್ವಾಮಿಯವರ ಧಾಟಿಯ ನಾಡಗೀತೆಗೆ 2022ರಲ್ಲಿ ರಾಜ್ಯ ಸರ್ಕಾರ ಗೊತ್ತುಮಾಡಿದ ಕಾಲ 2 ನಿಮಿಷ 30 ಸೆಕೆಂಡು. ಶಾಲೆಯ ಮಕ್ಕಳು ಬಹು ಬೇಗ ಮುಗಿಸಿದರೆ ಓಡಿದ್ದಾರೆಂದು ತಿಳಿಯಿರಿ.

ಮುಂದೆ ನಿಂತವರು ಹಾಡನ್ನು ತಟ್ಟನೆ ಎತ್ತಬಾರದು. ಯಾವ ವೇಗದಲ್ಲಿ ಹಾಡಬೇಕೋ ಅದೇ ವೇಗದಲ್ಲಿ ಒಂದು ಆವರ್ತ ಸುಮ್ಮನೆ ಕೈ ತೋರಿಸಿ, ಕೊನೆಯ ಹುಸಿಯಲ್ಲಿ ತಾವು ಉಸಿರೆಳೆದುಕೊಳ್ಳಬೇಕು. ನೋಡಿದವರೆಲ್ಲ ಉಸಿರೆಳೆದುಕೊಳ್ಳುತ್ತಾರೆ, ದನಿಗಳೂ ಒಟ್ಟಿಗೆ ಹೊರಡುತ್ತವೆ. ಕೆಲವು ಹಾಡುಗಳು ಪೆಟ್ಟು ಬಿದ್ದ ಮೇಲೆ ಅರೆ ಎಣಿಕೆ ಬಿಟ್ಟು ಏಳುತ್ತವೆ. ಅಂಥವನ್ನು ಮೊದಲ ತಿಂಗಳು ತೆಗೆದುಕೊಳ್ಳಬೇಡಿ. ಹಾಡು ನಿಲ್ಲಿಸುವಾಗ ಕೈಯನ್ನು ಎದೆಯ ಮಟ್ಟಕ್ಕೆ ಎತ್ತಿ ಮುಷ್ಟಿ ಮುಚ್ಚಿದರಾಯಿತು.

ಹಿರಿಯರಲ್ಲಿ ಒಂದು ಬಿನ್ನಹ. ಹೊಸಬನ ಕೈ ತಪ್ಪಿದೊಡನೆ ನೀವು ತಾಳ ಕಸಿದುಕೊಳ್ಳಬೇಡಿ. ಹಿಂದಿನ ಸಾಲಿನಲ್ಲಿ ಕುಳಿತು ಹಾಡಿ. ಹಾಡು ಮುಗಿದ ಮೇಲೆ ಅವನೊಬ್ಬನಿಗೇ ತಿದ್ದಿ ಹೇಳಿ.