ದೇವಳಾಲಿಯ ಮಾಸ್ತರರ ೬೧೭೪
(ಉಚಿತ ವಾಚನಾಲಯದಲ್ಲಿ ಮಾಡಿದ ಭಾಷಣ)



ಹಗಲೆಲ್ಲ ಜಮಾಖರ್ಚು ಬರೆದು ದಣಿದು ಬಂದವರ ಮುಂದೆ ಮತ್ತೆ ಲೆಕ್ಕವನ್ನೇ ತೆಗೆಯುತ್ತಿದ್ದೇನೆ, ಮನ್ನಿಸಬೇಕು. ಆದರೆ ನಾನು ಹೇಳಹೊರಟಿರುವ ಸಂಖ್ಯೆ ನಮ್ಮ ನೆರೆಯದು. ದಿಂಡೋರಿಯಿಂದ ನಾಸಿಕಕ್ಕೆ ಹೋಗಿ, ಊರು ದಾಟಿ, ನಾಸಿಕ ರೋಡಿನ ಕಡೆಗೆ ನಡೆದರೆ ದೇವಳಾಲಿ ಸಿಕ್ಕುತ್ತದೆ. ಅಲ್ಲಿ ೧೯೩೦ರಿಂದ ೧೯೬೨ರವರೆಗೆ ಶಾಲಾ ಮಾಸ್ತರರಾಗಿದ್ದ ದತ್ತಾತ್ರೇಯ ರಾಮಚಂದ್ರ ಕಾಪ್ರೇಕರರು ೧೯೪೬ರಲ್ಲಿ ಅದರ ಗುಟ್ಟನ್ನು ಕಂಡುಹಿಡಿದರು. ಸಂಖ್ಯೆ ೬೧೭೪.

ಪೆನ್ಸಿಲು ಇದ್ದವರು ತೆಗೆಯಿರಿ. ಕನ್ನಡನಾಡು ಒಂದುಗೂಡಿದ ವರ್ಷ ೧೯೫೬. ಅದರ ಅಂಕಿಗಳನ್ನು ದೊಡ್ಡದರಿಂದ ಚಿಕ್ಕದಕ್ಕೆ ಜೋಡಿಸಿದರೆ ೯೬೫೧, ಚಿಕ್ಕದರಿಂದ ದೊಡ್ಡದಕ್ಕೆ ೧೫೬೯. ಕಳೆದರೆ ೮೦೮೨. ಇದಕ್ಕೂ ಹಾಗೆಯೇ ಮಾಡಿ: ೮೮೨೦ರಲ್ಲಿ ೦೨೮೮ ಹೋದರೆ ೮೫೩೨. ಅದರಲ್ಲಿ ೨೩೫೮ ಹೋದರೆ ೬೧೭೪. ಮುಂದುವರಿಸಿ ನೋಡಿ: ೭೬೪೧ರಲ್ಲಿ ೧೪೬೭ ಕಳೆದರೆ ಮತ್ತೆ ೬೧೭೪! ಇನ್ನು ಅದು ಅಲ್ಲಿಂದ ಏಳುವುದಿಲ್ಲ.

ನಾಸಿಕ ರೋಡಿನ ಛಾಪಖಾನೆಯಲ್ಲಿ ನೋಟುಗಳು ಅಚ್ಚಾಗುತ್ತವಲ್ಲ, ಜೇಬಿನಲ್ಲಿರುವ ಒಂದು ನೋಟಿನ ಕೊನೆಯ ನಾಲ್ಕು ಅಂಕಿ ಹಿಡಿದು ಪರೀಕ್ಷಿಸಿರಿ. ನಾಲ್ಕೂ ಒಂದೇ ಅಂಕಿಯಾಗಿರಬಾರದು. ೨೨೨೨ ಆದರೆ ಸೊನ್ನೆಯೇ ಗತಿ. ಉತ್ತರ ಮೂರಂಕಿಗೆ ಇಳಿದರೆ ಮುಂದೊಂದು ಸೊನ್ನೆ ಇಟ್ಟುಕೊಳ್ಳಿ. ಹೆಚ್ಚೆಂದರೆ ಏಳು ಸಲ ಕಳೆಯುವುದರೊಳಗೆ ೬೧೭೪ ಬಂದೇ ಬರುತ್ತದೆ.

ಇದು ಮಾಟವಲ್ಲ. ಕಳೆದಾಗ ಬರುವ ಉತ್ತರಕ್ಕೆ ಎರಡು ಅಂತರಗಳಷ್ಟೇ ಕಾರಣ: ಅತಿ ದೊಡ್ಡ ಅಂಕಿಗೂ ಅತಿ ಚಿಕ್ಕದಕ್ಕೂ ಇರುವ ಅಂತರ, ಮತ್ತು ನಡುವಿನ ಎರಡರ ಅಂತರ. ಮೊದಲನೆಯದನ್ನು ೯೯೯ರಿಂದಲೂ ಎರಡನೆಯದನ್ನು ೯೦ರಿಂದಲೂ ಗುಣಿಸಿ ಕೂಡಿಸಿರಿ. ೧೯೫೬ರಲ್ಲಿ ಅಂತರಗಳು ೮ ಮತ್ತು ೧. ೭೯೯೨ಕ್ಕೆ ೯೦ ಕೂಡಿದರೆ ಅದೇ ೮೦೮೨. ನಡುವಿನ ಅಂತರ ಹೊರಗಿನದನ್ನು ಮೀರಲಾರದಾದ್ದರಿಂದ ಇಂಥ ಜೋಡಿಗಳು ೫೪ ಮಾತ್ರ. ಅಂದರೆ ೯,೯೯೦ ಸಂಖ್ಯೆಗಳು ಮೊದಲ ಸಲ ಕಳೆಯುವಾಗಲೇ ೫೪ಕ್ಕೆ ಬಂದು ನಿಂತವು. ಆ ೫೪ನ್ನು ಒಂದು ಸಂಜೆ ಕುಳಿತು ನಾವೇ ತೀರಿಸಬಹುದು. ತೀರಿಸಿದರೆ ಅದು ಪೂರ್ಣ ಸಾಧನೆ. ದೊಡ್ಡವರು ಹೇಳಿದರೆಂದು ನಂಬಬೇಕಾಗಿಲ್ಲ.

ಕಾರಕೂನ ಮಿತ್ರರಿಗೆ ಇದರಲ್ಲಿ ಒಂದು ಲಾಭವೂ ಇದೆ. ೯೯೯, ೯೦ ಎರಡೂ ೯ರಿಂದ ಭಾಗವಾಗುತ್ತವೆ. ಅಂಕಿಗಳನ್ನು ಹೇಗೆ ಅದಲುಬದಲು ಮಾಡಿದರೂ ವ್ಯತ್ಯಾಸ ೯ರ ಗುಣಕವೇ. ಕೀರ್ದಿಗೂ ಖತಾವಣಿಗೂ ತಾಳೆ ಬೀಳದೆ ೩೬೦ ರೂಪಾಯಿ ಹೆಚ್ಚುಕಡಿಮೆ ಬಂತೆನ್ನಿ. ಅದು ೯ರಿಂದ ಭಾಗವಾಗುತ್ತದೆ. ೮೪೫ ಎಂಬುದನ್ನು ಯಾರೋ ೪೮೫ ಎಂದು ಬರೆದಿದ್ದಾರೆಯೇ ಎಂದು ಮೊದಲು ಹುಡುಕಿರಿ. ಯಾವಾಗಲೂ ಅದೇ ಕಾರಣವೆಂದಲ್ಲ, ಆದರೆ ರಾತ್ರಿ ಎಷ್ಟೋ ಉಳಿಯುತ್ತದೆ.

ಕಾಪ್ರೇಕರರು ಹುಟ್ಟಿದ್ದು ೧೯೦೫ರಲ್ಲಿ, ಡಹಾಣುವಿನಲ್ಲಿ. ಪುಣೆಯ ಫರ್ಗ್ಯುಸನ್ ಕಾಲೇಜಿನಲ್ಲಿ ಓದಿ ೧೯೨೯ರಲ್ಲಿ ಬಿ.ಎಸ್‌ಸಿ. ಆದರು, ಅದಕ್ಕಿಂತ ಮೇಲಿನ ಪದವಿಯಿಲ್ಲ. ೧೯೪೯ರಲ್ಲಿ ಮದರಾಸಿನ ಗಣಿತ ಸಮ್ಮೇಳನದಲ್ಲಿ ೬೧೭೪ನ್ನು ಮಂಡಿಸಿದರು. ಅಮೆರಿಕೆಯ ‘ಸ್ಕ್ರಿಪ್ಟಾ ಮ್ಯಾಥೆಮ್ಯಾಟಿಕಾ’ ಅದನ್ನು ಅಚ್ಚುಮಾಡಿತು. ನಮ್ಮಲ್ಲಿ ಅನೇಕ ಪಂಡಿತರು ಮಕ್ಕಳಾಟವೆಂದು ನಕ್ಕರು. ೬೧೭೪ರಿಂದ ಸೇತುವೆ ಕಟ್ಟಲಾಗದು, ನಿಜ. ಆದರೆ ೧೯೭೫ರಲ್ಲಿ ಮಾರ್ಟಿನ್ ಗಾರ್ಡ್ನರ್ ‘ಸೈಂಟಿಫಿಕ್ ಅಮೆರಿಕನ್’ ಪತ್ರಿಕೆಯಲ್ಲಿ ಬರೆದ ಮೇಲೆ ಜಗತ್ತೇ ದೇವಳಾಲಿಯ ಕಡೆಗೆ ನೋಡಿತು. ಅವರು ೧೯೮೬ರವರೆಗೆ ಬದುಕಿದ್ದು ಆ ಮನ್ನಣೆಯನ್ನು ಕಂಡರು ಎಂಬುದು ನನಗೆ ಸಂತೋಷದ ಸಂಗತಿ.

ಮೂರಂಕಿಗಳಲ್ಲಿ ಇದೇ ಆಟ ೪೯೫ಕ್ಕೆ ಬಂದು ನಿಲ್ಲುತ್ತದೆ. ಎರಡಂಕಿಗಳಲ್ಲಿ ನಿಲ್ಲುವುದೇ ಇಲ್ಲ: ೬೩, ೨೭, ೪೫, ೯, ೮೧, ಮತ್ತೆ ೬೩, ಹೀಗೆ ಗಾಣದ ಎತ್ತಿನಂತೆ ಸುತ್ತುತ್ತದೆ. ಮೇಜಿನ ಮೇಲೆ ಕಾಗದ ಇಟ್ಟಿದೆ. ೫೪ ಜೋಡಿಗಳನ್ನು ಹಂಚಿಕೊಳ್ಳೋಣ.