ಕೊಡಗಿನ ತರುಣರ ಊಟ ಮತ್ತು ಆಟ



ಕೊಡಗಿನವರ ಮೈಕಟ್ಟನ್ನು ಹೊಗಳುವುದು ಬಹುಕಾಲದ ವಾಡಿಕೆ. ಆ ಶಕ್ತಿ ವಂಶದಿಂದ ಬಂದುದೆಂದು ಅನೇಕರು ನಂಬಿರುವರು. ವಾಸ್ತವವಾಗಿ ಅದು ಬಹುಮಟ್ಟಿಗೆ ದಿನಚರಿಯಿಂದ ಬಂದುದು. ಗದ್ದೆಯ ನಾಟಿ, ಏರುದಾರಿಯ ನಡಿಗೆ, ಒರಳಿನಲ್ಲಿ ಭತ್ತ ಕುಟ್ಟುವುದು, ಇವೆಲ್ಲ ಹುಡುಗ ಹುಡುಗಿಯರಿಗೆ ಕೇಳದೆಯೇ ದೊರೆಯುತ್ತಿದ್ದ ವ್ಯಾಯಾಮ. ಈಗ ಭತ್ತ ಗಿರಣಿಗೆ ಹೋಗುವುದು. ಶಾಲೆಯ ಬಸ್ಸು ಮನೆಯ ಸಮೀಪಕ್ಕೇ ಬರುವುದು. ಸಂಜೆಯು ಮನೆಪಾಠಕ್ಕೂ ಮೊಬೈಲಿಗೂ ಮೀಸಲು. ದಿನಚರಿ ಹೋದ ಮೇಲೆ ಶಕ್ತಿಯೊಂದೇ ಉಳಿದೀತೆಂದು ನೆಚ್ಚುವಂತಿಲ್ಲ.

5ರಿಂದ 17 ವಯಸ್ಸಿನವರು ದಿನಕ್ಕೆ ಸರಾಸರಿ 60 ನಿಮಿಷಗಳಾದರೂ ಉಸಿರು ಬಿರುಸಾಗುವಂತೆ ಮೈ ದಣಿಸಬೇಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಮತ. ಅದು 2019ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, ಪ್ರಪಂಚದಲ್ಲಿ 11ರಿಂದ 17 ವಯಸ್ಸಿನ ವಿದ್ಯಾರ್ಥಿಗಳ ಪೈಕಿ ನೂರಕ್ಕೆ 81 ಮಂದಿ ಈ ಮಟ್ಟವನ್ನು ಮುಟ್ಟಿರಲಿಲ್ಲ.

'ನಮ್ಮಲ್ಲಿ ಹಾಕಿಯುಂಟಲ್ಲ?' ಎಂದು ತಾವು ಕೇಳಬಹುದು. ಉಂಟು. ಪಾಂಡಂಡ ಕುಟ್ಟಪ್ಪನವರು 1997ರಲ್ಲಿ ಕರಡದಲ್ಲಿ 60 ಕುಟುಂಬಗಳೊಡನೆ ಆರಂಭಿಸಿದ ಕೊಡವ ಹಾಕಿ ಉತ್ಸವಕ್ಕೆ 2024ರಲ್ಲಿ ನಾಪೋಕ್ಲುವಿನಲ್ಲಿ 360 ಕುಟುಂಬಗಳು ಸೇರಿದುವು. ಇದು ಹೆಮ್ಮೆಯ ಸಂಗತಿಯೇ ಸರಿ. ಆದರೆ ಉತ್ಸವವು ವರ್ಷಕ್ಕೊಮ್ಮೆ ಬರುವುದು. ದೇಹಕ್ಕೆ ಆಟ ದಿನವೂ ಬೇಕು. ಅಂಗಳದ ಸುತ್ತ ಕುಳಿತು ನೋಡಿದವನಿಗೆ ಬೆವರು ಬಾರದು.

ಇನ್ನು ಊಟದ ಮಾತು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯು ಭಾರತದಲ್ಲಿ 15ರಿಂದ 19 ವಯಸ್ಸಿನ ಹೆಣ್ಣುಮಕ್ಕಳಲ್ಲಿ ನೂರಕ್ಕೆ 59 ಮಂದಿಗೆ ರಕ್ತಹೀನತೆಯನ್ನು ಕಂಡಿತು. ಪಾಠದಲ್ಲಿ ತೂಕಡಿಸುವವಳನ್ನು ಸೋಮಾರಿಯೆಂದು ಗದರಿಸುವ ಮೊದಲು ಅವಳ ರಕ್ತವನ್ನು ಪರೀಕ್ಷಿಸುವುದು ನ್ಯಾಯ. ಕಡಂಬುಟ್ಟು, ಅಕ್ಕಿರೊಟ್ಟಿಗಳು ಹೊಟ್ಟೆ ತುಂಬುವುವು. ಆದರೆ ಅಕ್ಕಿಯಲ್ಲಿ ಕಬ್ಬಿಣದ ಅಂಶ ಅತ್ಯಲ್ಪ. ಅದನ್ನು ಜೊತೆಯ ಕಾಳು, ಸೊಪ್ಪು, ಮಾಂಸಗಳು ಒದಗಿಸಬೇಕು. ಪೊಟ್ಟಣದ ಕುರುಕಲು ತಿಂಡಿಯಿಂದ ಅದು ಸಾಧ್ಯವಿಲ್ಲ.

ಕಾಫಿಯ ನಾಡಿನಲ್ಲಿ ಇನ್ನೊಂದು ಮಾತನ್ನು ಅಳುಕಿನಿಂದಲೇ ಹೇಳಬೇಕಾಗಿದೆ. ಊಟದೊಡನೆ ಕುಡಿದ ಕಾಫಿಯು ಆಹಾರದ ಕಬ್ಬಿಣವು ಮೈಗೆ ಹತ್ತುವುದನ್ನು ಕುಗ್ಗಿಸುವುದು. ಕಿತ್ತಳೆ, ನಿಂಬೆಗಳು ಅದನ್ನು ಹೆಚ್ಚಿಸುವುವು. ನಮ್ಮ ತೋಟಗಳಲ್ಲಿ ಕಾಫಿಯ ಗಿಡದ ಪಕ್ಕದಲ್ಲಿಯೇ ಕಿತ್ತಳೆಯೂ ಬೆಳೆಯುವುದು. ಊಟಕ್ಕೂ ಕಾಫಿಗೂ ನಡುವೆ ಒಂದು ಗಂಟೆಯ ಅಂತರವಿರಲಿ. ಊಟದ ಜೊತೆಗೆ ಹಣ್ಣಿರಲಿ. ಇದಕ್ಕೆ ಹೆಚ್ಚಿನ ವೆಚ್ಚವೇನೂ ಇಲ್ಲ.

ತಂದೆತಾಯಿಗಳಲ್ಲಿ ನನ್ನ ಬಿನ್ನಹವಿಷ್ಟೆ: ಮಗನಿಗೆ ಆಡಲು ಬಿಡುವ ಒಂದು ಗಂಟೆಯನ್ನು ಮಗಳಿಗೂ ಬಿಡಿರಿ. ಅಂಕಪಟ್ಟಿಯನ್ನು ನೋಡುವಷ್ಟೇ ಆಸ್ಥೆಯಿಂದ ಮಕ್ಕಳ ತಟ್ಟೆಯನ್ನೂ ನೋಡಿರಿ.